ಎಷ್ಟು ಗಂಟೆಗೆ ಹೋಯಿತು, ಬರೆದಿಡಿ

(ಕಂಪ್ಯೂಟರ್ ರಿಪೇರಿ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಕಲಬುರಗಿಯಲ್ಲಿ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಬಿಸಿಲಲ್ಲಿ, ರಜೆಯ ದಿನ, ಉಂಡು ಮಲಗುವ ಹೊತ್ತು ಬಿಟ್ಟು ಇಷ್ಟು ಜನ ಬಂದಿದ್ದೀರಿ. ಹಾಗಾಗಿ ನೇರ ವಿಷಯಕ್ಕೇ ಬರುತ್ತೇನೆ.

ನಮ್ಮ ಕೆಲಸದಲ್ಲಿ ಪೂರ್ತಿ ಸತ್ತುಹೋದ ಕಂಪ್ಯೂಟರ್ ಸುಲಭದ್ದು. ಬಟನ್ ಒತ್ತಿದರೆ ಆನ್ ಆಗುವುದಿಲ್ಲ. ಒಂದೊಂದೇ ಸಾಮಾನು ತೆಗೆದು ನೋಡುತ್ತಾ ಹೋದರೆ ಸಂಜೆಯೊಳಗೆ ಸಿಕ್ಕಿಬೀಳುತ್ತದೆ. ಕಷ್ಟದ್ದು ಬೇರೆ. ಎರಡು ತಾಸು ಚೆನ್ನಾಗಿ ಓಡಿ, ಆಟ ರಂಗೇರಿದ ಹೊತ್ತಿಗೆ ಒಮ್ಮೆಲೇ ಪರದೆ ಕಪ್ಪಾಗಿ, ತಾನೇ ಮತ್ತೆ ಚಾಲೂ ಆಗುವ ಗೇಮಿಂಗ್ ಪಿಸಿ. ಅಂಗಡಿಯಲ್ಲಿ ಮೂರು ದಿನ ಇಟ್ಟುಕೊಂಡರೂ ಏನೂ ಆಗುವುದಿಲ್ಲ. ಗಿರಾಕಿ ಮನೆಗೆ ಒಯ್ದ ದಿನವೇ ಫೋನ್ ಬರುತ್ತದೆ.

ಇಂಥ ಪಿಸಿ ಬಂದಾಗ ನಮ್ಮಲ್ಲಿ ಬಹಳ ಜನ ಸಾಮಾನು ಬದಲಿ ಮಾಡಲು ಶುರು ಮಾಡುತ್ತೇವೆ. ರ‍್ಯಾಮ್ ಹಾಕಿ ನೋಡೋಣ, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಹಾಕಿ ನೋಡೋಣ. ಇದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಆ ದುಡ್ಡು ನಮ್ಮದಲ್ಲ. ಯಾರೋ ಒಬ್ಬ ಹುಡುಗ ಎರಡು ವರ್ಷ ಕೂಡಿಟ್ಟದ್ದು.

ಹೋದ ವರ್ಷ ಮೇ ತಿಂಗಳಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಡಿಗ್ರಿ ಎರಡನೇ ವರ್ಷದ ಒಬ್ಬ ಹುಡುಗ ಬಂದ. ಬೈಕಿನ ಹಿಂದೆ ಗೆಳೆಯ ಕೂತು, ಚಾದರದಲ್ಲಿ ಸುತ್ತಿದ ಕ್ಯಾಬಿನೆಟ್ಟನ್ನು ಮಗುವಿನ ಹಾಗೆ ತೊಡೆ ಮೇಲೆ ಹಿಡಿದುಕೊಂಡಿದ್ದ. "ಅಣ್ಣಾ, ಮೂರು ಅಂಗಡಿ ತಿರುಗೀನಿ. ಒಬ್ಬೊಬ್ರು ಒಂದೊಂದು ಸಾಮಾನು ಬದಲಿ ಮಾಡ್ಯಾರ. ಆದ್ರೂ ಹಂಗೇ ಬಂದ್ ಆಗ್ತದ" ಅಂದ. ಒಬ್ಬರು ರ‍್ಯಾಮ್ ಬದಲಿಸಿದ್ದರು. ಇನ್ನೊಬ್ಬರು ಎಸ್‌ಎಂಪಿಎಸ್ ಬದಲಿಸಿದ್ದರು. ಮೂರನೆಯವರು ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಬಂದಷ್ಟಕ್ಕೆ ಮಾರಿಬಿಡು ಅಂದಿದ್ದರು. ಅಷ್ಟೊತ್ತಿಗೆ ಹನ್ನೆರಡು ಸಾವಿರ ಖರ್ಚಾಗಿತ್ತು. ಅವನ ಮುಖ ನೋಡಲಾಗುತ್ತಿರಲಿಲ್ಲ.

ನಾನೂ ಎಲ್ಲ ಪರೀಕ್ಷೆ ಮಾಡಿದೆ. ಎರಡು ತಾಸು ಪ್ರೊಸೆಸರ್‌ಗೂ ಕಾರ್ಡ್‌ಗೂ ಒಟ್ಟಿಗೆ ಪೂರ್ತಿ ಲೋಡ್ ಕೊಟ್ಟೆ. ರಾತ್ರಿಯಿಡೀ ರ‍್ಯಾಮ್ ಪರೀಕ್ಷೆ ಓಡಿಸಿದೆ. ಮೂರು ದಿನ ಒಂದು ಸಲವೂ ರೀಬೂಟ್ ಆಗಲಿಲ್ಲ. ನಾಲ್ಕನೇ ದಿನ ಅವನನ್ನು ಕರೆದು, ಒಂದು ಸಣ್ಣ ನೋಟ್‌ಬುಕ್ ಕೈಗೆ ಕೊಟ್ಟು ಹೇಳಿದೆ: ಪಿಸಿ ಒಯ್ಯಿ, ನನಗೇನೂ ದುಡ್ಡು ಬೇಡ. ಹೋದಾಗೆಲ್ಲ ಗಂಟೆ ಬರಿ. ಪರದೆ ಮೇಲೆ ಏನಿತ್ತು ಬರಿ. ಮನೆಯಲ್ಲಿ ಆಗ ಏನೇನು ನಡೆಯುತ್ತಿತ್ತು ಅದನ್ನೂ ಬರಿ. ನೀನು ಬರೆಯದಿದ್ದರೆ ಮನೆಯಲ್ಲಿ ಇರುವವರು ಯಾರಾದರೂ ಬರೆಯಲಿ.

ಒಂದು ವಾರಕ್ಕೆ ನೋಟ್‌ಬುಕ್ ಬಂತು. ಒಂಬತ್ತು ಸಲ ಹೋಗಿತ್ತು. ಆಟಗಳು ಬೇರೆ ಬೇರೆ. ಒಂದು ಸಲ ಭಾರವಾದ ಆಟ, ಒಂದು ಸಲ ಹಗುರವಾದದ್ದು. ಆದರೆ ಬೆಳಿಗ್ಗೆ ಒಂದು ಸಲವೂ ಹೋಗಿರಲಿಲ್ಲ. ಎಲ್ಲ ಮಧ್ಯಾಹ್ನ ಹನ್ನೆರಡರ ಮೇಲೆ. ಸೆಖೆಗೆ ಹೋಗುತ್ತಿದೆ ಅಂತಲೇ ನನಗೆ ಮೊದಲು ಅನಿಸಿತು. ಆದರೆ ಪ್ರತಿ ಸಾಲಿನ ಮುಂದೆ ಅವನು ಪಿಸಿಯ ತಾಪಮಾನವನ್ನೂ ಬರೆದಿದ್ದ. 70, 72, 74 ಡಿಗ್ರಿ. ಅದೇನೂ ಜಾಸ್ತಿ ಅಲ್ಲ. ಆಮೇಲೆ ನೋಡಿದರೆ, ಎರಡು ಸಾಲಿನಲ್ಲಿ ಅಕ್ಷರ ಬೇರೆ ಇತ್ತು. ಅವನ ತಾಯಿ ಬರೆದದ್ದು. "ನಾ ಕೂಲರಿಗಿ ನೀರು ಹಾಕಿ ಚಾಲೂ ಮಾಡ್ದಾಗ ಹೋಯ್ತು."

ಮರುದಿನ ಅವರ ಮನೆಗೆ ಹೋದೆ. ಶಹಾಬಾದ್ ಫರ್ಸಿಯ ನೆಲ, ಕಿಟಕಿಗೆ ಹಚ್ಚಿದ ಕೂಲರ್, ಪಕ್ಕದಲ್ಲೇ ಮೇಜು. ಮೇಜಿನ ಕೆಳಗೆ ಒಂದು ಎಕ್ಸ್‌ಟೆನ್ಶನ್ ಬಾಕ್ಸ್. ಅದರಲ್ಲೇ ಪಿಸಿ, ಮಾನಿಟರ್, ಕೂಲರ್, ಮೊಬೈಲ್ ಚಾರ್ಜರ್. "ಗ್ವಾಡ್ಯಾಗ ಒಂದೇ ಪ್ಲಗ್ ಅದ್ರಿ. ಎಲ್ಲಾ ಇದ್ರಾಗೇ ಹಚ್ಚೀವಿ" ಅಂದರು ಆ ತಾಯಿ. ಹುಡುಗನಿಗೆ ಆಟ ಹಚ್ಚಲು ಹೇಳಿ ಕೂಲರ್ ಚಾಲೂ ಮಾಡಿದೆ. ಏನೂ ಆಗಲಿಲ್ಲ. ಬಂದ್ ಮಾಡಿ ಮತ್ತೆ ಹಾಕಿದೆ. ಆಗಲೂ ಏನೂ ಇಲ್ಲ. ಮೂರನೇ ಸಲಕ್ಕೆ ಬಾಕ್ಸಿನೊಳಗೆ ಚರ್ರ್ ಅಂತ ಸಣ್ಣ ಸದ್ದು. ಪರದೆ ಕಪ್ಪಾಯಿತು.

ಗೋಡೆಯ ಪ್ಲಗ್ ಕಿತ್ತು ಬಾಕ್ಸ್ ಮುಟ್ಟಿದರೆ ಬೆಚ್ಚಗಿತ್ತು. ತಿರುಗಿಸಿ ತಳದ ಸ್ಕ್ರೂ ಬಿಚ್ಚಿದೆ. ಒಳಗೆ ನ್ಯೂಟ್ರಲ್ ಪಟ್ಟಿಯ ಸ್ಕ್ರೂ ಸಡಿಲಾಗಿ, ತಂತಿಯ ತುದಿ ಕರ್ರಗಾಗಿತ್ತು. ಹಿತ್ತಾಳೆ ಪಟ್ಟಿ ಅರ್ಧ ನೀಲಿ, ಅರ್ಧ ಕಪ್ಪು. ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ಮೀನಿನಂಥ ವಾಸನೆ. ಕೂಲರ್ ಮೋಟಾರ್ ಶುರುವಾಗುವಾಗ ಒಂದು ಕ್ಷಣ ಜಾಸ್ತಿ ಕರೆಂಟ್ ಎಳೆಯುತ್ತದೆ. ಆ ಎಳೆತಕ್ಕೆ ಈ ಸಡಿಲ ಜಾಗದಲ್ಲಿ ಕಿಡಿ ಹಾರಿ ಕರೆಂಟ್ ಕಡಿಯುತ್ತಿತ್ತು. ಪಿಸಿಗೂ ಅದೇ ದಾರಿ. ಎಲೆಕ್ಟ್ರಿಷಿಯನ್ ಕರೆಸಿ ಪಿಸಿಗೆ ಬೇರೆ ಪಾಯಿಂಟ್ ತೆಗೆಸಿದೆವು. ಆವತ್ತಿನಿಂದ ಇವತ್ತಿನವರೆಗೆ ಒಂದು ಸಲವೂ ಹೋಗಿಲ್ಲ. ಇನ್ನೊಂದು ತಿಂಗಳು ಹಾಗೇ ಬಿಟ್ಟಿದ್ದರೆ ಆ ಬಾಕ್ಸಿಗೆ ಬೆಂಕಿಯೇ ಹತ್ತುತ್ತಿತ್ತೇನೋ. ಅದನ್ನು ನೆನೆದರೆ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ.

ಹಾಗಿದ್ದರೆ ಸುಮ್ನೆ ವಿಡಿಯೋ ನೋಡುವಾಗ ಯಾಕೆ ಹೋಗಲಿಲ್ಲ, ಆಟ ಆಡುವಾಗಲೇ ಯಾಕೆ ಹೋಯಿತು? ಇದನ್ನು ಸರಿಯಾಗಿ ತಿಳಿದುಕೊಂಡರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮ ಮನೆ ಕರೆಂಟ್ 230 ವೋಲ್ಟ್, 50 ಹರ್ಟ್ಸ್. ಅಂದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಎಸ್‌ಎಂಪಿಎಸ್ ಒಳಗೆ ಒಂದು ದಪ್ಪ ಕೆಪಾಸಿಟರ್ ಇರುತ್ತದೆ. ಅದು ಅಟ್ಟದ ಮೇಲಿನ ನೀರಿನ ಟಾಕಿ ಇದ್ದ ಹಾಗೆ. ಹೊರಗಿನ ಕರೆಂಟ್ ಕಡಿದರೂ ಸ್ವಲ್ಪ ಹೊತ್ತು ಅದರಿಂದಲೇ ನಡೆಯುತ್ತದೆ. ಎಟಿಎಕ್ಸ್ ಅಂದರೆ ಎಸ್‌ಎಂಪಿಎಸ್ ಹೇಗಿರಬೇಕು ಅನ್ನುವ ಮಾನದಂಡ; ಅದರ ಹಳೆಯ ನಿಯಮದ ಪ್ರಕಾರ ಪೂರ್ತಿ ಲೋಡಿನಲ್ಲಿ ಸುಮಾರು 17 ಮಿಲಿಸೆಕೆಂಡ್ ತಡೆಯಬೇಕಿತ್ತು. ಲೋಡ್ ಕಡಿಮೆ ಇದ್ದರೆ ಅದೇ ಟಾಕಿ ಇನ್ನೂ ಜಾಸ್ತಿ ಹೊತ್ತು ಬರುತ್ತದೆ. ವಿಡಿಯೋ ನೋಡುವಾಗ ಪಿಸಿ ನೂರು ವಾಟ್ ಆಸುಪಾಸು ಎಳೆಯುತ್ತದೆ. ಆಗ ಕರೆಂಟ್ ಒಂದು ಕ್ಷಣ ಕಡಿದರೂ ಗೊತ್ತೇ ಆಗುವುದಿಲ್ಲ. ಆಟದಲ್ಲಿ ನಾನೂರು, ಐನೂರು ವಾಟ್. ಅಷ್ಟೇ ಕಡಿತಕ್ಕೆ ಟಾಕಿ ಬರಿದಾಗುತ್ತದೆ. ಹಾಗಾಗಿ "ಗೇಮ್ ಆಡುವಾಗ ಮಾತ್ರ ಹೋಗುತ್ತದೆ" ಅಂದ ಕೂಡಲೇ ಗ್ರಾಫಿಕ್ಸ್ ಕಾರ್ಡಿನ ಮೇಲೆ ತಪ್ಪು ಹೊರಿಸಬೇಡಿ.

ಇನ್ನೊಂದು ಮಾತು. ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಹೋಗುವ 24 ಪಿನ್ ಕನೆಕ್ಟರಿನಲ್ಲಿ ಎಂಟನೇ ಪಿನ್‌ಗೆ ಬರುವ ಒಂದು ತಂತಿ ಇದೆ. ಹಳೆಯ ಬಣ್ಣದ ತಂತಿಗಳಲ್ಲಿ ಅದು ಬೂದು ಬಣ್ಣದ್ದು. "ಕರೆಂಟ್ ಸರಿಯಾಗಿದೆ" ಅಂತ ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ ಹೇಳುವುದು ಆ ತಂತಿಯಿಂದಲೇ. ಅದರಲ್ಲಿ 5 ವೋಲ್ಟ್ ಇರುವವರೆಗೆ ಬೋರ್ಡ್ ನಡೆಯುತ್ತದೆ. ಅದು ಬಿದ್ದರೆ ಬೋರ್ಡ್ ರೀಸೆಟ್ ಆಗುತ್ತದೆ. ಹೊರಗಿನ ಕರೆಂಟ್ ಒಂದು ಕ್ಷಣ ಕಡಿದು ಬಂದಾಗ ಪಿಸಿ ತಾನೇ ಮತ್ತೆ ಚಾಲೂ ಆಗುವುದು ಸಾಮಾನ್ಯವಾಗಿ ಹೀಗೆ. ಅದೇ ಓವರ್‌ಲೋಡ್ ಅಥವಾ ಶಾರ್ಟ್‌ನಿಂದ ಎಸ್‌ಎಂಪಿಎಸ್ ತನ್ನನ್ನು ತಾನು ಬಂದ್ ಮಾಡಿಕೊಂಡರೆ, ಸಾಮಾನ್ಯವಾಗಿ ಬಂದ್ ಆಗಿಯೇ ಉಳಿಯುತ್ತದೆ. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಬಂದ್ ಮಾಡಿ ಮತ್ತೆ ಚಾಲೂ ಮಾಡಬೇಕಾಗುತ್ತದೆ. ಗಿರಾಕಿಯನ್ನು ಮೊದಲು ಇದನ್ನೇ ಕೇಳಿ. ತಾನೇ ಬಂತಾ, ನೀವು ಬಟನ್ ಒತ್ತಿದಿರಾ?

ಮಲ್ಟಿಮೀಟರ್ ಹಿಡಿದು ಈ ಕಡಿತ ಹುಡುಕುತ್ತೇನೆ ಅಂದರೆ ಸಿಗುವುದಿಲ್ಲ. ನಾವು ಬಳಸುವ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಳೆಯುತ್ತದೆ. 20 ಮಿಲಿಸೆಕೆಂಡಿನ ಕಡಿತ ಅದರ ಕಣ್ಣಿಗೆ ಬೀಳದೆ ದಾಟಿಹೋಗುತ್ತದೆ. ಹಾಗಾಗಿಯೇ ನೋಟ್‌ಬುಕ್ ಬೇಕು. 12 ವೋಲ್ಟ್ ಲೈನ್ ನಿಧಾನವಾಗಿ ಇಳಿಯುತ್ತಿದೆಯಾ ನೋಡಲು ಮಾತ್ರ ಮೀಟರ್ ಒಳ್ಳೆಯದು. ಲೋಡಿನಲ್ಲಿ 11.4ರಿಂದ 12.6 ವೋಲ್ಟ್ ಒಳಗಿರಬೇಕು. ಸಾಫ್ಟ್‌ವೇರ್ ತೋರಿಸುವ ವೋಲ್ಟೇಜ್ ನಂಬಿ ಎಸ್‌ಎಂಪಿಎಸ್ ಬದಲಿಸಬೇಡಿ. ಮತ್ತೆ, ಎಸ್‌ಎಂಪಿಎಸ್ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು.

ಈಗ ವಿಂಡೋಸ್ ಏನು ಹೇಳುತ್ತದೆ ನೋಡೋಣ. ಈವೆಂಟ್ ವ್ಯೂವರ್ (ಏನೇನಾಯಿತು ಅಂತ ವಿಂಡೋಸ್ ಬರೆದಿಡುವ ದಾಖಲೆ) ತೆರೆದರೆ ಎಲ್ಲರಿಗೂ ಕಾಣುವುದು ಕರ್ನಲ್-ಪವರ್ 41. ಹೆಸರಿನಲ್ಲಿ ಪವರ್ ಇದೆ ಅಂತ ಎಸ್‌ಎಂಪಿಎಸ್ ತೆಗೆದು ಎಸೆದವರನ್ನು ನಾನು ನೋಡಿದ್ದೇನೆ. ಅದರ ಅರ್ಥ ಇಷ್ಟೇ: ಹೋದ ಸಲ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು. ತಲೆ ತಿರುಗಿ ಬಿದ್ದವರು ಎಚ್ಚರವಾದ ಮೇಲೆ "ನಾನು ಬಿದ್ದೆ" ಅಂದ ಹಾಗೆ. ಯಾಕೆ ಬಿದ್ದರು ಅಂತ ಅದು ಹೇಳುವುದಿಲ್ಲ. ಆದರೆ ಅದರ ಡೀಟೇಲ್ಸ್ ಒಳಗೆ ಬಗ್‌ಚೆಕ್ ಕೋಡ್ ಅಂತ ಒಂದು ಸಾಲು ಇದೆ. ಅಲ್ಲಿ 0 ಇದ್ದರೆ, ಏನೂ ಬರೆದಿಡಲು ವಿಂಡೋಸ್‌ಗೆ ಸಮಯವೇ ಸಿಕ್ಕಿಲ್ಲ ಅಂತ ತಿಳಿಯಿರಿ. ಕರೆಂಟ್ ಕಡಿದಿರಬಹುದು, ರೀಸೆಟ್ ಆಗಿರಬಹುದು, ಪೂರ್ತಿ ಹೆಪ್ಪುಗಟ್ಟಿರಬಹುದು. ಬೇರೆ ಅಂಕಿ ಇದ್ದರೆ ನೀಲಿ ಪರದೆ ಬಂದಿತ್ತು, ನಿಮಗೆ ಓದಲು ಸಿಗಲಿಲ್ಲ ಅಷ್ಟೆ. ಈ ಅಂಕಿ ದಶಮಾನದಲ್ಲಿ ಇರುತ್ತದೆ. ಅಲ್ಲಿ 292 ಕಂಡರೆ ಅದು 0ಎಕ್ಸ್124 (ಅದೇ ಅಂಕಿ, ಹದಿನಾರರ ಲೆಕ್ಕದಲ್ಲಿ), ಅಂದರೆ ಹಾರ್ಡ್‌ವೇರ್ ತಾನೇ ಒಪ್ಪಿಕೊಂಡ ತಪ್ಪು. ಅದರ ಪಕ್ಕದಲ್ಲೇ ಡಬ್ಲ್ಯೂಎಚ್‌ಇಎ-ಲಾಗರ್ 18 (ಹಾರ್ಡ್‌ವೇರ್ ತಪ್ಪಿನ ದಾಖಲೆ) ಇದೆಯಾ ಹುಡುಕಿ. ಇದ್ದರೆ ನಿಮ್ಮ ಗಮನ ಗೋಡೆಯ ಪ್ಲಗ್‌ನಿಂದ ಪ್ರೊಸೆಸರ್, ರ‍್ಯಾಮ್, ವೋಲ್ಟೇಜ್ ಸೆಟ್ಟಿಂಗ್ ಕಡೆಗೆ ತಿರುಗಬೇಕು.

ಮೊದಲ ದಿನವೇ ಮಾಡಬೇಕಾದ ಒಂದು ಕೆಲಸ ಇದೆ. ವಿಂಡೋಸ್‌ನ ಸ್ಟಾರ್ಟಪ್ ಆಂಡ್ ರಿಕವರಿಯಲ್ಲಿ "ಆಟೊಮ್ಯಾಟಿಕಲಿ ರೀಸ್ಟಾರ್ಟ್" ಅನ್ನುವ ಟಿಕ್ ತೆಗೆಯಿರಿ. ಆಮೇಲೆ ನೀಲಿ ಪರದೆ ಬಂದರೆ ಅಲ್ಲೇ ನಿಲ್ಲುತ್ತದೆ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬಹುದು. ಟಿಕ್ ತೆಗೆದ ಮೇಲೂ ನೇರ ಕಪ್ಪಾಗಿ ರೀಬೂಟ್ ಆದರೆ ಅದು ವಿಂಡೋಸ್ ಮಾಡಿದ ರೀಬೂಟ್ ಅಲ್ಲ. ಈ ಒಂದು ಟಿಕ್‌ನಿಂದ ರೋಗ ಎರಡು ದಾರಿಯಾಗಿ ಒಡೆಯುತ್ತದೆ.

ರ‍್ಯಾಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಅದರ ವೇಗ ಏರಿಸುವ ಸೆಟ್ಟಿಂಗ್) ಹಾಕಿದ್ದರೆ ತೆಗೆಯಿರಿ. ಡಿಡಿಆರ್4 ರ‍್ಯಾಮ್ ಸಾಮಾನ್ಯವಾಗಿ 1.2 ವೋಲ್ಟಿನಲ್ಲಿ ನಡೆಯುತ್ತದೆ. ಎಕ್ಸ್‌ಎಂಪಿ ಹಾಕಿದರೆ ಬಹಳ ಸಲ 1.35ಕ್ಕೆ ಏರುತ್ತದೆ, ವೇಗವೂ ಏರುತ್ತದೆ. ಎಲ್ಲ ಪ್ರೊಸೆಸರೂ ಅದನ್ನು ತಡೆಯುತ್ತದೆ ಅಂತ ಗ್ಯಾರಂಟಿ ಇಲ್ಲ. ತೆಗೆದ ಮೇಲೆ ಒಂದು ವಾರ ನೋಡಿ. ಆಮೇಲೂ ಸಂಶಯ ಇದ್ದರೆ ಒಂದೊಂದೇ ಸ್ಟಿಕ್ ಹಾಕಿ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿ. ಹಾಗೇ, ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದರೆ ಬಯೋಸ್ (ಮದರ್‌ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಹೊಸದು ಇದೆಯಾ ನೋಡಿ. ವೋಲ್ಟೇಜ್ ಜಾಸ್ತಿ ಹೋಗಿ ಪ್ರೊಸೆಸರ್ ಅಸ್ಥಿರವಾಗುವ ತೊಂದರೆಯನ್ನು 2024ರಲ್ಲಿ ಇಂಟೆಲ್ ತಾನೇ ಒಪ್ಪಿಕೊಂಡು, ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ಸೂಚನೆಗಳು) ಬದಲಿಸಿ, ವಾರಂಟಿಯನ್ನೂ ಎರಡು ವರ್ಷ ಮುಂದಕ್ಕೆ ಹಾಕಿತು. ಗಿರಾಕಿಗೆ ಇದು ಗೊತ್ತಿರುವುದಿಲ್ಲ. ನಾವು ಹೇಳಬೇಕು.

ಗ್ರಾಫಿಕ್ಸ್ ಕಾರ್ಡ್ ಕಡೆ ಬಂದರೆ, ಮೊದಲು ಕೇಬಲ್ ನೋಡಿ. ಒಂದು 8 ಪಿನ್ ಕನೆಕ್ಟರಿಗೆ ನಿಯಮದ ಪ್ರಕಾರ 150 ವಾಟ್, ಮದರ್‌ಬೋರ್ಡಿನ ಸ್ಲಾಟಿನಿಂದ 75 ವಾಟ್. ಒಂದೇ ಕೇಬಲಿನ ತುದಿಯಲ್ಲಿ ಎರಡು ಕನೆಕ್ಟರ್ ಇರುತ್ತವೆ ಅಲ್ವಾ, ಎರಡನ್ನೂ ಒಂದೇ ದೊಡ್ಡ ಕಾರ್ಡಿಗೆ ಚುಚ್ಚಿ ಬಿಟ್ಟಿರುತ್ತಾರೆ. ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಕೇಬಲ್ ಎಳೆಯಿರಿ. ದೊಡ್ಡ ಕಾರ್ಡುಗಳು ಬರೆದ ವಾಟಿಗಿಂತ ಬಹಳ ಜಾಸ್ತಿ ಕರೆಂಟನ್ನು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಎಳೆಯುತ್ತವೆ. 2020ರಲ್ಲಿ ಬಂದ ಆರ್‌ಟಿಎಕ್ಸ್ 3080 ಕಾರ್ಡಿಗೆ 320 ವಾಟ್ ಅಂತ ಬರೆದಿದ್ದರೂ 750 ವಾಟಿನ ಎಸ್‌ಎಂಪಿಎಸ್ ಹಾಕಿ ಅಂತ ಕಂಪನಿ ಹೇಳಿದ್ದು ಸುಮ್ನೆ ಅಲ್ಲ. 2022ರ ಎಟಿಎಕ್ಸ್ 3.0 ನಿಯಮದಲ್ಲಿ, ದೊಡ್ಡ ಎಸ್‌ಎಂಪಿಎಸ್‌ಗಳು ತಮ್ಮ ವಾಟಿನ ಎರಡರಷ್ಟು ಎಳೆತವನ್ನು 100 ಮೈಕ್ರೋಸೆಕೆಂಡ್ ತಡೆಯಬೇಕು ಅಂತ ಸೇರಿಸಿದ್ದೂ ಇದಕ್ಕೇ. ಹಳೆಯ ಎಸ್‌ಎಂಪಿಎಸ್ ಮೇಲೆ ಹೊಸ ಕಾರ್ಡ್ ಕೂರಿಸಿದ ಮೇಲೆ ರೀಬೂಟ್ ಶುರುವಾಗಿದ್ದರೆ ಇಲ್ಲಿ ನೋಡಿ.

ಸೆಖೆ ಬಗ್ಗೆ ನಮ್ಮ ಊರಲ್ಲಿ ಮಾತಾಡದೆ ಇರಲಾಗುವುದಿಲ್ಲ. ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ನಮಗೆ ಹೊಸದಲ್ಲ. ಆದರೆ ಪ್ರೊಸೆಸರ್ ಬಿಸಿಯಾದರೆ ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ. ಆಟ ತಡವರಿಸುತ್ತದೆ. ಅದಕ್ಕೂ ಮೀರಿದರೆ ಬಂದ್ ಆಗುತ್ತದೆ. ಮುನ್ಸೂಚನೆ ಇಲ್ಲದೆ ರೀಬೂಟ್ ಆದದ್ದಕ್ಕೆಲ್ಲ ಸೆಖೆಯೇ ಕಾರಣ ಅನ್ನುವ ಅಭ್ಯಾಸ ಬಿಡಬೇಕು. ಸೆಖೆಯ ಪೆಟ್ಟು ನಿಧಾನವಾಗಿ ಬೀಳುತ್ತದೆ, ಎಸ್‌ಎಂಪಿಎಸ್ ಮೇಲೆ. ಕೆಪಾಸಿಟರ್ ಹತ್ತು ಡಿಗ್ರಿ ಜಾಸ್ತಿ ಬಿಸಿಯಲ್ಲಿ ನಡೆದರೆ ಅದರ ಆಯುಷ್ಯ ಅರ್ಧವಾಗುತ್ತದೆ ಅನ್ನುವುದು ಈ ಕ್ಷೇತ್ರದ ಒರಟು ಲೆಕ್ಕ. ತಂಪು ಊರಿನ ಅದೇ ಎಸ್‌ಎಂಪಿಎಸ್ ನಮ್ಮಲ್ಲಿ ಬೇಗ ಮುದಿಯಾಗುತ್ತದೆ. ಟಾಕಿ ಸಣ್ಣದಾಗುತ್ತಾ ಹೋಗುತ್ತದೆ. ಮೊದಲು ತಡೆಯುತ್ತಿದ್ದ ಕಡಿತವನ್ನು ಮೂರನೇ ಬೇಸಿಗೆಯಲ್ಲಿ ತಡೆಯುವುದಿಲ್ಲ.

ಧೂಳೂ ಹಾಗೇ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ನಮಗೆಲ್ಲ ಹೆಮ್ಮೆ. ಆದರೆ ದಾಲ್ ಮಿಲ್ ಹತ್ತಿರದ ಮನೆಗಳಿಂದ ಬರುವ ಕ್ಯಾಬಿನೆಟ್ ಬಿಚ್ಚಿದರೆ ಹೊಟ್ಟಿನ ಹಳದಿ ಪುಡಿ ಫಿಲ್ಟರ್ ಮೇಲೆ ಗೋಣಿಚೀಲದಂತೆ ಕಟ್ಟಿರುತ್ತದೆ. ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ ಕಡೆಯಿಂದ ಬಂದದ್ದರಲ್ಲಿ ಸಣ್ಣ ಬೂದು ಧೂಳು. ಕೂಲರ್ ಗಾಳಿ ನೇರ ಬೀಳುವ ಜಾಗದಲ್ಲಿ ಪಿಸಿ ಇಟ್ಟರೆ ಈ ಧೂಳು ತೇವ ಹಿಡಿದು ಗಟ್ಟಿಯಾಗುತ್ತದೆ, ಬ್ಲೋವರ್‌ಗೂ ಬಿಡುವುದಿಲ್ಲ. ಪಿಸಿಯನ್ನು ಕೂಲರಿನಿಂದ ಒಂದು ಪಕ್ಕಕ್ಕೆ, ನೆಲದಿಂದ ಒಂದು ಗೇಣು ಮೇಲೆ ಇಡಿಸಿ.

ಕೊನೆಗೆ ಕೇಳಿದ ಪ್ರಶ್ನೆಗಳಿಗೆ ಬರುತ್ತೇನೆ.

"ಕರೆಂಟ್ ಹೋದಾಗ ಫ್ಯಾನ್ ನಿಲ್ಲಲ್ಲ, ಲೈಟೂ ಮಿಣುಕಲ್ಲ, ಪಿಸಿ ಮಾತ್ರ ರೀಬೂಟ್ ಆಗುತ್ತೆ" ಅಂತ ಒಬ್ಬರು ಕೇಳಿದರು. ಮನೆಯ ಇನ್ವರ್ಟರ್ ಮೇಲೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಒಂದು ಕಡೆ ನಾರ್ಮಲ್ ಅಥವಾ ಇಕೋ, ಇನ್ನೊಂದು ಕಡೆ ಯುಪಿಎಸ್. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗಲು ಹತ್ತಾರು ಮಿಲಿಸೆಕೆಂಡ್ ಬೇಕು. ಫ್ಯಾನಿಗೆ ಅದು ಲೆಕ್ಕಕ್ಕಿಲ್ಲ. 17 ಮಿಲಿಸೆಕೆಂಡಿನ ಟಾಕಿಗೆ ಅದು ಜಾಸ್ತಿ. ಸ್ವಿಚ್ಚನ್ನು ಯುಪಿಎಸ್ ಕಡೆ ತಳ್ಳಿ. ಅದರ ಜೊತೆಗೆ ವಾಟ್ ಲೆಕ್ಕವನ್ನೂ ನೋಡಿ. ಅಂಗಡಿಗಳಲ್ಲಿ ಸಿಗುವ 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್ ಸಾಮಾನ್ಯವಾಗಿ 360 ವಾಟ್ ಮಾತ್ರ ಕೊಡುತ್ತದೆ. ಆಟ ಆಡುತ್ತಿರುವ ಪಿಸಿಗೆ ಅದು ಸಾಲದು.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಅವಳ ರೈಜನ್ ಪ್ರೊಸೆಸರಿನ ಪಿಸಿ ಆಟದಲ್ಲಿ ಎಂದೂ ಹೋಗಿಲ್ಲ. ಸುಮ್ನೆ ಬಿಟ್ಟು ಊಟಕ್ಕೆ ಎದ್ದರೆ ರೀಬೂಟ್ ಆಗಿರುತ್ತದೆ. ಕೆಲಸ ಇಲ್ಲದಾಗ ಪ್ರೊಸೆಸರ್ ಆಳವಾದ ನಿದ್ದೆಗೆ ಜಾರುತ್ತದೆ, ಕರೆಂಟ್ ಎಳೆಯುವುದು ಬಹಳ ಕಡಿಮೆಯಾಗುತ್ತದೆ. ಕೆಲವು ಎಸ್‌ಎಂಪಿಎಸ್‌ಗಳು ಅಷ್ಟು ಕಡಿಮೆ ಲೋಡಿನಲ್ಲಿ ಸರಿಯಾಗಿ ನಿಲ್ಲುವುದಿಲ್ಲ. ಬಯೋಸ್‌ನಲ್ಲಿ "ಪವರ್ ಸಪ್ಲೈ ಐಡಲ್ ಕಂಟ್ರೋಲ್" ಹುಡುಕಿ "ಟಿಪಿಕಲ್ ಕರೆಂಟ್ ಐಡಲ್" ಮಾಡಿ ನೋಡು ಅಂದೆ. ಒಂದು ಪೈಸೆ ಖರ್ಚಿಲ್ಲ. ಬೇರೆ ಏನನ್ನೂ ಅದರ ಜೊತೆ ಬದಲಿಸಬೇಡ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಗೊತ್ತಾಗುವುದಿಲ್ಲ ಅಂತಲೂ ಹೇಳಿದೆ.

ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂದವರಿಗೆ: ಅದು ಅರ್ಥಿಂಗ್ ಇಲ್ಲದ ಲಕ್ಷಣ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿಸಿ. ಎರಡು ಮೂರು ವೋಲ್ಟ್ ಇರಬೇಕಾದಲ್ಲಿ ಹತ್ತಾರು ವೋಲ್ಟ್ ತೋರಿಸಿದರೆ ಎಲೆಕ್ಟ್ರಿಷಿಯನ್ ಕರೆಸಿ. ನಮ್ಮಲ್ಲಿ ಎಷ್ಟೋ ಕಡೆ ಒಂದು ಮೊಳ ಮಣ್ಣಿನ ಕೆಳಗೆ ಬರೀ ಕಲ್ಲು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗುತ್ತದೆ. ಅದಕ್ಕೆ ನೀರು ಹಾಕುವುದನ್ನು ಮನೆಯವರು ಮರೆಯಬಾರದು.

ಕಡೆಯ ಪ್ರಶ್ನೆ ಅಂಗಡಿ ಇಟ್ಟ ಒಬ್ಬ ಗೆಳೆಯರದು. "ಅಂಗಡ್ಯಾಗ ಸರಿ ಇರ್ತದ, ಮನ್ಯಾಗ ಹೋಗ್ತದ. ಎಲ್ಲರ ಮನಿಗೂ ಹೋಗ್ಲಿಕ್ಕಿ ಆಗ್ತದೇನ್ರಿ?" ಆಗುವುದಿಲ್ಲ. ಹಾಗಾಗಿ ಈಗ ನಾನು ಕ್ಯಾಬಿನೆಟ್ ಒಂದನ್ನೇ ತೆಗೆದುಕೊಳ್ಳುವುದಿಲ್ಲ. ಪವರ್ ಕೇಬಲ್ ಮತ್ತು ಮನೆಯ ಎಕ್ಸ್‌ಟೆನ್ಶನ್ ಬಾಕ್ಸ್ ಎರಡನ್ನೂ ಜೊತೆಗೆ ತರಲು ಹೇಳುತ್ತೇನೆ. ಪಿಸಿಯನ್ನು ಅದೇ ಕೇಬಲ್, ಅದೇ ಬಾಕ್ಸಿಗೆ ಹಚ್ಚಿ, ಪಕ್ಕದಲ್ಲಿ ನಮ್ಮ ಅಂಗಡಿಯ ಕೂಲರನ್ನೂ ಚುಚ್ಚಿ ಆಟ ಓಡಿಸುತ್ತೇನೆ. ಆಮೇಲೆ ಪ್ಲಗ್ ಕಿತ್ತು ಬಾಕ್ಸಿನ ತಳದ ಸ್ಕ್ರೂ ಬಿಚ್ಚುತ್ತೇನೆ. ಅದಕ್ಕೆ ಐದು ನಿಮಿಷ ಸಾಕು.